ಜೋಡಿಸಿಟ್ಟದ್ದು ಬುಧವಾರಕ್ಕೇ ಚೆಲ್ಲಾಪಿಲ್ಲಿ

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದು ಸೀರೆ ಅಂಗಡಿ. ನೇಕಾರರ ಚೀಟಿ, ಕರೆಂಟ್ ಬಿಲ್ಲು, ಮಗಳ ಹೈಸ್ಕೂಲಿನ ರಸೀದಿ ಎಲ್ಲ ಟಿವಿ ಪಕ್ಕ ಗುಡ್ಡೆ ಬೀಳುತ್ತವೆ. ಭಾನುವಾರ ಕೂತು ಜೋಡಿಸುತ್ತೇನೆ, ಬುಧವಾರಕ್ಕೆ ಮತ್ತೆ ಅದೇ ಕಥೆ. 21 ದಿನ ಮಾಡಿದರೆ ರೂಢಿಯಾಗುತ್ತದೆ ಅಂತಾರೆ, ನನಗೆ ಆಗಲಿಲ್ಲ. ನಾನು ಸೋಮಾರಿಯಾ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಅಕ್ಕಾರೆ, ಅಂಗಡಿ ನಡೆಸೋರನ್ನು ಸೋಮಾರಿ ಅಂತ ಯಾರಂತಾರೆ? ಆ 21 ದಿನದ ಲೆಕ್ಕ ಮೊದಲು ಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನದ ಅಂದಾಜು. ನಡುವೆ ಒಂದು ದಿನ ತಪ್ಪಿದರೂ ಅಂಥ ನಷ್ಟವೇನೂ ಆಗಲಿಲ್ಲ.

ನಿಮ್ಮ ತೊಡಕು ಭಾನುವಾರದ್ದು. ವಾರದ್ದೆಲ್ಲ ಒಂದೇ ದಿನಕ್ಕೆ ಇಟ್ಟರೆ ನೋಡಿದಾಗಲೇ ಬೇಜಾರು, ಅಲ್ವಾ? ದಿನಾ ಮಾಡುವ ಕೆಲಸಕ್ಕೆ ಇದನ್ನು ಗಂಟು ಹಾಕಿ. ಅಂಗಡಿ ಶಟರ್ ಎಳೆದು ಬಂದು ಚಹಾಕ್ಕೆ ಇಡುತ್ತೀರಲ್ಲ, ಅದು ಕುದಿಯುವಷ್ಟರಲ್ಲಿ ಅವತ್ತಿನ ಚೀಟಿ ಮಾತ್ರ ಎತ್ತಿಡಿ. ಹಳೇ ಗುಡ್ಡೆ ಸದ್ಯಕ್ಕೆ ಮುಟ್ಟಬೇಡಿ.

ಧಾರವಾಡದ ನಮ್ಮ ಮನೆಯಲ್ಲಿ ಗೋಡೆಯ ಮೊಳೆಗೆ ಒಂದು ಉದ್ದನೆ ತಂತಿ ತೂಗುಹಾಕಿದ್ದೇನೆ. ಹಳೇ ಕಿರಾಣಿ ಅಂಗಡಿಗಳಲ್ಲಿ ಇರುತ್ತಿತ್ತಲ್ಲ, ಅದೇ. ಬಿಲ್ಲು ಕಟ್ಟಿದ ಕೂಡಲೇ ಅದಕ್ಕೆ ಚುಚ್ಚುವುದು, ಮುಗೀತು. ಬಣ್ಣಬಣ್ಣದ ಫೈಲು ತಂದರೆ ತೆರೆಯಲಿಕ್ಕೇ ಜಾಸ್ತಿ ಹೊತ್ತು. ಸುಮ್ನೆ ದುಡ್ಡು ದಂಡ.

ಆಸ್ತಿ ಪತ್ರ, ಪಾಸ್‌ಬುಕ್ಕು ಚುಚ್ಚಬೇಡಿ ಮತ್ತೆ! ಅವಕ್ಕೆ ಬೇರೆ ಪೆಟ್ಟಿಗೆ ಇರಲಿ. ಮಗಳ ರಸೀದಿಯನ್ನು ಮಗಳೇ ಚುಚ್ಚಲಿ, ಅದೂ ನಿಮ್ಮ ತಲೆಗೇ ಯಾಕೆ?