ಗೋರಿಯ ಮೇಲಿನ ಜೋನ್ಸ್ ಯಾರು?

ಪ್ರಶ್ನೆ: ನಮ್ಮೂರ ಹಳೇ ಗೋರಿಯೊಂದರ ಮೇಲೆ ‘ಜೋನ್ಸ್, ವೇಲ್ಸ್, 1881’ ಅಂತಿದೆ. ಮನೆತನ ಪತ್ತೆ ಹಚ್ಚುವುದು ಹೇಗೆ?
– ಓದುಗರು, ವಾಡಿ

ಉತ್ತರ: ಮೊದಲು ಕಲ್ಲು ಓದಿ. ತಂತಿ ಬ್ರಷ್ ಬೇಡ, ಶಹಾಬಾದ್ ಕಲ್ಲಿನ ಪದರವೇ ಏಳುತ್ತದೆ. ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ವಯಸ್ಸು, ಹುಟ್ಟೂರು ಸಿಗಲೇಬೇಕು. ಬರೀ ಜೋನ್ಸ್ ಎಂದರೆ ನಮ್ಮ ಕಡೆ ಪಾಟೀಲರನ್ನು ಹುಡುಕಿದ ಹಾಗೆ. ವೇಲ್ಸ್‌ನಲ್ಲಿ ತಂದೆಯ ಹೆಸರೇ ಅಡ್ಡಹೆಸರಾಗುತ್ತಿತ್ತು: ಜಾನ್‌ನ ಮಗ ಜೋನ್ಸ್. ವಾಡಿ ಆಗ ನಿಜಾಮರ ಸೀಮೆ, ಬ್ರಿಟಿಷರ ನೇರ ಆಳ್ವಿಕೆಯಲ್ಲಿರಲಿಲ್ಲ. ಆದರೂ ಪಾದ್ರಿಗಳು ಬರೆದ ಸಮಾಧಿ ದಾಖಲೆಯ ನಕಲು ಲಂಡನ್‌ಗೆ ಹೋಗಿರಬಹುದು. ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಥ ನಕಲುಗಳ ಕಡತ ಸಂಖ್ಯೆ ಎನ್/2 ಮದರಾಸಿನದು, ಎನ್/3 ಮುಂಬಯಿಯದು, ಎರಡನ್ನೂ ನೋಡಿ. ವೇಲ್ಸ್‌ನ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ. ಸತ್ತಾಗ ವಯಸ್ಸು 44 ದಾಟಿದ್ದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ.