ನ್ಯೂ ಲಿಬರಲ್ ಕ್ಲಬ್: 17ರಿಂದ 4ಕ್ಕೆ ಇಳಿದದ್ದು ಹೇಗೆ?

ಪ್ರಶ್ನೆ: ಜಪಾನಿನ ಆಡಳಿತ ಪಕ್ಷದಿಂದ ಸಿಡಿದು ಹುಟ್ಟಿದ ನ್ಯೂ ಲಿಬರಲ್ ಕ್ಲಬ್ 1976ರಲ್ಲಿ 17 ಸ್ಥಾನ ಗೆದ್ದು, 1979ರಲ್ಲಿ ನಾಲ್ಕಕ್ಕೆ ಕುಸಿಯಿತು. ಕಾರಣವೇನು?

ಉತ್ತರ: 1976 ಲಾಕ್‌ಹೀಡ್ ವಿಮಾನ ಲಂಚ ಹಗರಣ ಬಯಲಾದ ವರ್ಷ. ಹಣದ ರಾಜಕೀಯಕ್ಕೆ ಬೇಸತ್ತ ಯೋಹೇ ಕೋನೊ ಮತ್ತು ಐವರು ಸಂಸದರು ಜೂನ್‌ನಲ್ಲಿ ಲಿಬರಲ್ ಡೆಮಾಕ್ರಟಿಕ್ ಪಕ್ಷ (ಎಲ್‌ಡಿಪಿ) ತೊರೆದರು. ಮುಂದಿನ ತಿಂಗಳೇ ಅದೇ ಹಗರಣದಲ್ಲಿ ಎಲ್‌ಡಿಪಿಯ ಮಾಜಿ ಪ್ರಧಾನಿ ಕಕುಯೇ ತನಾಕಾ ಬಂಧನವಾಯಿತು. ಡಿಸೆಂಬರ್ ಚುನಾವಣೆಯಲ್ಲಿ ಕ್ಲಬ್ 25 ಮಂದಿಯನ್ನು ನಿಲ್ಲಿಸಿ 17 ಮಂದಿಯನ್ನು ಗೆಲ್ಲಿಸಿಕೊಂಡಿತು.

ಗುಟ್ಟು ಚುನಾವಣಾ ಪದ್ಧತಿಯಲ್ಲಿದೆ. ಆಗ ಬಹುತೇಕ ಎಲ್ಲ ಕ್ಷೇತ್ರಗಳಿಂದಲೂ 3ರಿಂದ 5 ಮಂದಿ ಆಯ್ಕೆಯಾಗುತ್ತಿದ್ದರು, ಮತದಾರನಿಗೆ ಮಾತ್ರ ಒಂದೇ ಮತ. ನಾಲ್ಕು ಸ್ಥಾನದ ಕ್ಷೇತ್ರದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮತ ಪಡೆದವರು ಸೋಲುವ ಮಾತೇ ಇಲ್ಲ. ಮತ ಹಂಚಿಹೋದರೆ ಇನ್ನೂ ಕಡಿಮೆ ಸಾಕು. ಎಲ್‌ಡಿಪಿಯೇ ಒಂದು ಕ್ಷೇತ್ರದಲ್ಲಿ ಹಲವರನ್ನು ನಿಲ್ಲಿಸುತ್ತಿದ್ದುದರಿಂದ ಪ್ರತಿಯೊಬ್ಬರೂ ‘ಕೋಎನ್‌ಕೈ’ ಎಂಬ ಸ್ವಂತ ಬೆಂಬಲಿಗರ ಸಂಘ ಕಟ್ಟಿಕೊಳ್ಳಲೇಬೇಕಿತ್ತು. ಅದು ಪಕ್ಷದ್ದಲ್ಲ, ವ್ಯಕ್ತಿಯದು. ಹಾಗಾಗಿ ಹಳಬರು ಪಕ್ಷ ಬಿಟ್ಟರೂ ಮತ ಜೊತೆಗೇ ಬಂತು. ಹೊಸಬರಿಗೆ ಆ ಬೇರು ಇರಲಿಲ್ಲ; ನಗರಗಳಲ್ಲಿ ಎದ್ದ ಅಲೆಯೇ ಅವರ ಬಂಡವಾಳ. ಅಲೆ ಇಳಿದಾಗ ಅವರೂ ಇಳಿದರು.

ಇನ್ನೊಂದು ಪೆಟ್ಟು ಒಳಗಿನದು. ಮಧ್ಯಮಪಂಥದ ಪಕ್ಷಗಳೊಂದಿಗೆ ಕೈಜೋಡಿಸೋಣ ಎಂಬುದು ಕೋನೊ ಒಲವು. ಸಂಪ್ರದಾಯವಾದಿ ನೆಲೆ ಬಿಡಬಾರದೆಂಬುದು ಅವರೊಂದಿಗೆ ಎಲ್‌ಡಿಪಿ ತೊರೆದಿದ್ದ ತಾಕೆಯೊ ನಿಶಿಯೋಕಾ ಪಟ್ಟು. 1979ರ ಅಕ್ಟೋಬರ್ ಚುನಾವಣೆಗೆ ಮುನ್ನವೇ ನಿಶಿಯೋಕಾ ಹೊರನಡೆದರು. ಸದನದ ನಿಯಮವೂ ನೆರವಾಗಲಿಲ್ಲ: ಕೆಳಮನೆಯಲ್ಲಿ ಮಸೂದೆ ಮಂಡಿಸಲು 20 ಸದಸ್ಯರ ಬೆಂಬಲ ಬೇಕು, ಹಣಕಾಸು ವೆಚ್ಚದ್ದಾದರೆ 50. ಹದಿನೇಳು ಮಂದಿಯಿದ್ದಾಗಲೂ ಸುಧಾರಣೆಯ ಪಕ್ಷಕ್ಕೆ ಸ್ವಂತ ಬಲದಿಂದ ಒಂದು ಮಸೂದೆ ತರಲಾಗುತ್ತಿರಲಿಲ್ಲ. ಇದು ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ: ಹಾಗಿದ್ದರೂ ಸರ್ಕಾರದಲ್ಲಿ ಪಾಲು ಸಿಕ್ಕಿದ್ದು ಹೇಗೆ?

ಉತ್ತರ: 1983ರ ಡಿಸೆಂಬರ್‌ನಲ್ಲಿ ಎಲ್‌ಡಿಪಿಗೆ 511ರಲ್ಲಿ 250 ಸ್ಥಾನ, ಬಹುಮತಕ್ಕೆ 256 ಬೇಕು. ಕ್ಲಬ್ ಬಳಿ 8 ಇತ್ತು. ತನಾಕಾ ಪ್ರಭಾವವನ್ನು ದೂರವಿಡುವುದಾಗಿ ಪ್ರಧಾನಿ ನಕಸೋನೆ ಹೇಳಿಕೆ ಹೊರಡಿಸಿದರು. ಕ್ಲಬ್‌ನ ಸೇಯಿಚಿ ತಗಾವಾ ಗೃಹ ವ್ಯವಹಾರಗಳ ಸಚಿವರಾದರು. ಎಲ್‌ಡಿಪಿ ಸ್ಥಾಪನೆಯಾದ 1955ರ ನಂತರ ಅದು ಮೊದಲ ಸಮ್ಮಿಶ್ರ ಸರ್ಕಾರ. ಆದರೆ ನಕಸೋನೆ ಕುರ್ಚಿಗೆ ಎಲ್‌ಡಿಪಿಯೊಳಗಿನ ತನಾಕಾ ಬಣದ್ದೇ ಆಸರೆಯಿತ್ತು. ಅಲ್ಲಿಗೆ ಕ್ಲಬ್ ತನ್ನ ಹುಟ್ಟಿನ ಕಾರಣವನ್ನೇ ಬಿಟ್ಟುಕೊಟ್ಟಿತೆಂದು ನಮ್ಮ ಅಭಿಪ್ರಾಯ. 1986ರ ಜುಲೈನಲ್ಲಿ ಎಲ್‌ಡಿಪಿ 300 ಗೆದ್ದಿತು, ಕ್ಲಬ್‌ಗೆ 6. ಇನ್ನು ಅದರ ಅಗತ್ಯವಿರಲಿಲ್ಲ. ಆಗಸ್ಟ್‌ನಲ್ಲಿ ವಿಸರ್ಜನೆಯಾಯಿತು. ಕೋನೊ ಮರಳಿ ಹೋಗಿ 1993ರಲ್ಲಿ ಎಲ್‌ಡಿಪಿ ಅಧ್ಯಕ್ಷರಾದರು. ತಗಾವಾ ಮರಳಲಿಲ್ಲ.

ಪ್ರಶ್ನೆ: ಈಗ ಅಲ್ಲಿ ಅಂಥ ಪಕ್ಷ ಕಟ್ಟುವುದು ಸುಲಭವೇ?

ಉತ್ತರ: ಕಟ್ಟುವುದು ಸುಲಭ, ಕ್ಷೇತ್ರ ಗೆಲ್ಲುವುದು ಕಷ್ಟ. 1994ರ ಸುಧಾರಣೆಯಿಂದ ಏಕಸದಸ್ಯ ಕ್ಷೇತ್ರಗಳೂ, ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲಿ ಸ್ಥಾನ ಹಂಚುವ ಪ್ರಮಾಣಾನುಗುಣ ಪಟ್ಟಿಯೂ ಬಂದವು. ಕ್ಷೇತ್ರದಲ್ಲಿ ಐದನೇ ಒಂದು ಪಾಲು ಮತದಿಂದ ಗೆಲ್ಲುವ ಕಾಲ ಹೋಯಿತು. ಸಣ್ಣ ಪಕ್ಷಕ್ಕೆ ಪಟ್ಟಿಯೇ ದಾರಿ. ಐವರು ಸಂಸದರಿದ್ದರೆ ಸರ್ಕಾರದ ಅನುದಾನ ಸಿಗುತ್ತದೆ. ಸಂಸದರನ್ನು ಲೆಕ್ಕಕ್ಕೆ ಹಿಡಿಯುವ ದಿನ ಜನವರಿ 1. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹೊಸ ಪಕ್ಷಗಳು ಹುಟ್ಟುವುದಕ್ಕೆ ಇದೂ ಒಂದು ಕಾರಣ.