ಬೌನ್ಸ್ ಮೆಸೇಜ್ ಜನಕ್ಕ ತಿಳಿಯೂಹಂಗ ಬರೀರಿ

ಪ್ರಶ್ನೆ: ಗದಗಿನಾಗ ನಮ್ಮ ಸಂಘದ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ನಾನ ನೋಡ್ಕೋತೀನಿ. ಮೇಲ್ ಬೌನ್ಸ್ ಆದ್ರ, ಅಂದ್ರ ಮುಟ್ಟಲಿಲ್ಲ ಅಂತ ವಾಪಸ್ ಮೆಸೇಜ್ ಬಂದ್ರ ಸಾಕು, ಹ್ಯಾಕ್ ಆಗೈತಿ ಅಂತ ಸ್ಟಾಫ್ ಫೋನ್ ಮಾಡ್ತಾರ. ಆ ಮೆಸೇಜ್ ಕನ್ನಡದಾಗ ಮಾಡಾಕ ಬರ್ತೈತೇನ್ರಿ?

ಬರ್ತೈತ್ರಿ, ಇವತ್ತ ಮಾಡ್ರಿ. ಹೋದ ವರ್ಷ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಸ್ಥರೊಬ್ರು ಬೌನ್ಸ್ ಮೆಸೇಜಿನ ಪ್ರಿಂಟ್ ತಗೊಂಡು ಹುಬ್ಬಳ್ಳಿಗೆ ನನ್ನ ಹತ್ರ ಬಂದಿದ್ರು, ಅಷ್ಟೊತ್ತಿಗೆ ಯಾವನೋ ಅಂಗಡಿಯಾಂವ ವೈರಸ್ ಐತಿ ಅಂತ ಅವರ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ರೊಕ್ಕಾ ತಗೊಂಡಿದ್ದ, ಕಾಗದದಾಗ ನೋಡಿದ್ರ ಅಡ್ರೆಸ್ಸಿನ ಕಡೀಗೆ ಡಾಟ್ ಕಾಮ್ ಬದ್ಲಿ ಡಾಟ್ ಕಾನ್ ಅಂತ ಇತ್ತು. ಅಷ್ಟ! ಎಂಟನೇ ಸಾಲಿನಾಗ ಕಾರಣ ಇತ್ತು, ಅಲ್ಲೀತನ ಯಾರು ಓದ್ತಾರ?

ಬೌನ್ಸ್ ಟೆಂಪ್ಲೇಟ್ ಫೈಲ್ ಅನ್ನೋ ಸೆಟ್ಟಿಂಗಿಗೆ ನೀವು ಬರೆದ ಮೆಸೇಜಿನ ಫೈಲ್ ಕೊಡ್ರಿ, ಚಾರ್‌ಸೆಟ್ ಯುಟಿಎಫ್-8 ಇರಲಿ (ಕನ್ನಡ ಅಕ್ಷರ ಸರಿಯಾಗಿ ಕಾಣಾಕ), ಸಬ್ಜೆಕ್ಟ್ ಮಾತ್ರ ಇಂಗ್ಲಿಷಿನಾಗ ಬಿಡ್ರಿ, ಅಲ್ಲಿ ಕನ್ನಡ ಅಕ್ಷರ ನಡ್ಯಂಗಿಲ್ಲ. ನಿಮ್ಮ ಕೈಯಾಗಿರೋದು ಮ್ಯಾಲಿನ ನಾಕು ಸಾಲು. ಕೆಳಗಿಂದು ಎದುರಿನ ಸರ್ವರ್ ಹೇಳಿದ್ದು, ಅದನ್ನ ಅಳಸಾಕ ಹೋಗಬ್ಯಾಡ್ರಿ, ಹೆಂಗ ಓದಬೇಕು ಅಂತ ಮ್ಯಾಲೆ ಬರೀರಿ: ಕೆಳಗ ಕೋಡ್ ನಂಬರ್ 5.1.1 ಇದ್ರ ಅಡ್ರೆಸ್ ತಪ್ಪೈತಿ, ಅಕ್ಷರ ಅಕ್ಷರ ನೋಡ್ರಿ, 5.2.2 ಇದ್ರ ಅವರ ಮೇಲ್‌ಬಾಕ್ಸ್ ತುಂಬೇತಿ, ಫೋನ್ ಮಾಡಿ ಹೇಳ್ರಿ, 5.7.1 ಇದ್ರ ಅವರ ಸರ್ವರ್ ನಮ್ಮ ಮೇಲ್ ಬ್ಯಾಡ ಅಂದೈತಿ, ಐಟಿಯವರಿಗೆ ತಿಳಸ್ರಿ. 4ರಿಂದ ಶುರುವಾಗಿದ್ರ ಸರ್ವರ್ 5 ದಿನ ಟ್ರೈ ಮಾಡಿ ಕೈಬಿಟ್ಟೈತಿ ಅಂತ ಅರ್ಥ. 5 ದಿನ! ಟೆಂಡರ್ ಮೇಲ್ ಆಗಿದ್ರ ಮುಗೀತಲ್ಲ. ಮೇಲ್ ಇನ್ನೂ ಹೋಗಿಲ್ಲ ಅಂತ ಕಳಿಸಿದವರಿಗೆ ಎಷ್ಟೊತ್ತಿಗೆ ತಿಳಿಸಬೇಕು ಅನ್ನೋ ಡಿಲೇ ವಾರ್ನಿಂಗ್ ಟೈಮ್ ಸೆಟ್ಟಿಂಗ್ ಮೊದಲಿಂದ ಸೊನ್ನೆ, ಅಂದ್ರ ಬಂದ್, ಇರ್ತೈತಿ, 4 ತಾಸು ಮಾಡ್ರಿ, ಆ ಟೆಂಪ್ಲೇಟೂ ಕನ್ನಡದಾಗ ಬರೀರಿ. ನೀವು ಬ್ಯಾರೆಯವರ ಮೇಲ್ ತಿರುಗಿ ಕಳಸೋವಾಗೂ ರಿಜೆಕ್ಟ್ ಫೂಟರಿನಾಗ (ಬ್ಯಾಡ ಅಂದ ಉತ್ತರದ ಕಡೀಗೆ ಸೇರೋ ಸಾಲು) ನಿಮ್ಮ ಆಫೀಸ್ ಫೋನ್ ನಂಬರ್ ಹಾಕ್ರಿ, ಮೇಲ್ ಹೋಗದಾಗ ಮೇಲ್ ಮಾಡ್ರಿ ಅಂದ್ರ ಅವರಾದ್ರೂ ಏನ್ ಮಾಡ್ಬೇಕು?

ಪ್ರಶ್ನೆ: ನಾ ಕಳಸದ ಮೇಲಿಗೆ ಬೌನ್ಸ್ ಬರಾಕತ್ತೈತಿ.

ನಿಮ್ಮ ಅಡ್ರೆಸ್ ಹಾಕಿ ಬ್ಯಾರೆ ಯಾರೋ ಕಳಸ್ಯಾರ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಹಾಕಸ್ರಿ, ಮೇಲ್ ಖರೇನ ನಿಮ್ಮ ಕಡಿಂದ ಬಂತೋ ಇಲ್ಲೋ ಅಂತ ಎದುರಿನ ಸರ್ವರ್ ಇವುಗಳಿಂದ ನೋಡ್ತೈತಿ.

ಪ್ರಶ್ನೆ: 20 ಎಂಬಿ ಫೈಲಿಗೆ ದೊಡ್ಡದಾತು ಅಂತ ಯಾಕ ವಾಪಸ್ ಬರ್ತೈತಿ, ಲಿಮಿಟ್ 25 ಐತಲ್ಲ?

ಮೇಲಿನಾಗ ಹೋಗೋವಾಗ ಫೈಲ್ ಅಕ್ಷರದ ರೂಪಕ್ಕ ಬದಲಾಗಿ 27 ಎಂಬಿ ಹತ್ರ ಆಗ್ತೈತಿ. ಲಿಂಕ್ ಕಳಸ್ರಿ.

ಪ್ರಶ್ನೆ: ಬೌನ್ಸ್ ಮೆಸೇಜಿನಾಗ ಬಟನ್ ಒತ್ತಿ ಪಾಸ್‌ವರ್ಡ್ ಹಾಕ್ರಿ ಅಂತ ಬಂದೈತಿ, ಹಾಕ್ಲೇನು?

ಬ್ಯಾಡ! ಬೌನ್ಸ್ ಯಾವತ್ತೂ ಪಾಸ್‌ವರ್ಡ್ ಕೇಳಂಗಿಲ್ಲ. ಹಾಕಿಬಿಟ್ಟಿದ್ರ ಇದನ್ನ ಓದೋದು ಬಿಟ್ಟು ಈಗಿಂದೀಗ ಬದಲ್ಸ್ರಿ.